ಕಿನ್ನರಿಯರ ಕಾದಂಬರಿ ಓದುವವರನ್ನು ಗದರಬೇಡಿ

ಮಾನ್ಯ ಸಂಪಾದಕರೇ,

ಕಾಲೇಜು ಮಕ್ಕಳು ವಿದೇಶಿ ಕಿನ್ನರಿಯರ (ಇಂಗ್ಲಿಷಿನ ‘ಫೇರಿ’ಗಳ) ಕಾದಂಬರಿಗಳಲ್ಲಿ ಮುಳುಗಿ ನಮ್ಮ ಮಣ್ಣಿನ ಕಥೆಗಳನ್ನು ಮರೆಯುತ್ತಿದ್ದಾರೆ ಎಂದು ಕಳೆದ ವಾರ ಇದೇ ಅಂಕಣದಲ್ಲಿ ಹಿರಿಯರೊಬ್ಬರು ಬೇಸರ ತೋಡಿಕೊಂಡಿದ್ದರು. ರೆಕ್ಕೆ ಹಚ್ಚಿದ ಗೊಂಬೆಗಳ ಕಥೆ ಓದಿ ಏನು ಸಿಗುತ್ತದೆ ಎಂಬುದು ಅವರ ಪ್ರಶ್ನೆ. ನಾನು ಮಂಗಳೂರಿನ ಮಣ್ಣಗುಡ್ಡದಲ್ಲಿ ಪುಸ್ತಕಗಳನ್ನು ಬಾಡಿಗೆಗೆ ಕೊಡುವ ಸಣ್ಣ ಅಂಗಡಿ ನಡೆಸುವವಳು. ಆ ಕಾದಂಬರಿಗಳನ್ನು ಆ ಮಕ್ಕಳ ಕೈಗೆ ಕೊಡುವವಳೇ ನಾನಾದ್ದರಿಂದ ಬೈಗುಳದಲ್ಲಿ ನನಗೂ ಪಾಲಿದೆ. ಉತ್ತರ ಕೊಡುವ ಹಕ್ಕೂ ಇದೆ.

ರೆಕ್ಕೆಯ ಗೊಂಬೆ ಇಂಗ್ಲೆಂಡಿನ ಚಿತ್ರಕಾರರೂ ರಂಗಭೂಮಿಯವರೂ ಬೆಳೆಸಿದ ರೂಪ. 1917ರಲ್ಲಿ ಕಾಟಿಂಗ್ಲಿ ಎಂಬ ಊರಿನ ಇಬ್ಬರು ಹುಡುಗಿಯರು ಕಾಗದದಲ್ಲಿ ಕತ್ತರಿಸಿದ ಅಂಥ ಗೊಂಬೆಗಳನ್ನು ಹುಲ್ಲಿನ ನಡುವೆ ನಿಲ್ಲಿಸಿ ಫೋಟೊ ತೆಗೆದರು. ಷರ್ಲಾಕ್ ಹೋಮ್ಸ್‌ನನ್ನು ಸೃಷ್ಟಿಸಿದ ಕಾನನ್ ಡಾಯ್ಲ್ ಅವರೇ ಅದನ್ನು ನಂಬಿಬಿಟ್ಟರು! ಐರ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗಳ ಹಳ್ಳಿಗರು ಹೆದರಿ ಗೌರವಿಸಿದ ಕಿನ್ನರ ಜನ ಬೇರೆಯೇ. ಐರ್ಲೆಂಡಿನ ಮಧ್ಯಯುಗದ ಗ್ರಂಥಗಳ ಪ್ರಕಾರ ಆ ದ್ವೀಪವನ್ನು ಹಿಂದೆ ಆಳುತ್ತಿದ್ದುದು ತೂಅಹಾ ದೇ ದಾನನ್ ಎಂಬ ಮಾಂತ್ರಿಕ ಕುಲ. ಆಮೇಲೆ ಬಂದ ಮನುಷ್ಯರು ಯುದ್ಧದಲ್ಲಿ ಗೆದ್ದರು. ನೆಲದ ಮೇಲಿನದು ಗೆದ್ದವರಿಗೆ, ನೆಲದಡಿಯದು ಸೋತವರಿಗೆ ಎಂದು ಪಾಲಾಯಿತು. ಹೀಗೆ ಹಸಿರು ದಿಬ್ಬಗಳೊಳಗೆ ಸೇರಿಕೊಂಡವರು ಬೆರಳುದ್ದದವರೇನಲ್ಲ. ನಮ್ಮಷ್ಟೇ ಎತ್ತರ, ನಮಗಿಂತ ಚೆಲುವು, ಅವಮಾನವನ್ನು ಎಂದೂ ಮರೆಯದ ಹಟ.

ಅವರ ಜತೆಗಿನ ವ್ಯವಹಾರಕ್ಕೆಲ್ಲ ಕಟ್ಟಳೆಯಿದೆ. ಅವರ ಮನೆಯಲ್ಲಿ ಊಟ ಮುಟ್ಟಿದರೆ ಹಿಂದಿರುಗುವ ದಾರಿಯಿಲ್ಲ. ಕಬ್ಬಿಣ ಅವರಿಗಾಗದು, ಐರಿಷ್ ಹಳ್ಳಿಗಳಲ್ಲಿ ಎಳೆ ಮಗುವಿನ ತೊಟ್ಟಿಲಿನ ಮೇಲೆ ಒಲೆಯ ಇಕ್ಕಳವನ್ನು ಅಡ್ಡ ಇಡುತ್ತಿದ್ದರು. ನಮ್ಮ ಅಜ್ಜಿ ಬಾಣಂತಿಯ ದಿಂಬಿನಡಿಗೆ ಅಡಕತ್ತರಿ ತುರುಕುತ್ತಿದ್ದುದನ್ನು ಕಂಡವಳಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಅಲ್ಲಿನ ಕಾಲವೂ ಬೇರೆ. ಓಶೀನ್ ಎಂಬ ವೀರ ಬಿಳಿ ಕುದುರೆಯೇರಿ ನೀವ್ ಎಂಬ ಚೆಲುವೆಯೊಡನೆ ಯೌವನದ ನಾಡಿಗೆ ಹೋಗಿ, ಮೂರು ವರ್ಷ ಇದ್ದೆನೆಂದುಕೊಂಡ. ಇಲ್ಲಿ 300 ವರ್ಷ ಕಳೆದಿತ್ತು. ಊರು ನೋಡಲು ಹೊರಟವನಿಗೆ, ಕಾಲು ನೆಲಕ್ಕೆ ತಾಗದಿರಲಿ ಎಂದು ಅವಳು ಎಚ್ಚರಿಸಿದ್ದಳು. ದಾರಿಯಲ್ಲಿ ಬಂಡೆಯೊಂದನ್ನು ಎತ್ತಲಾರದೆ ಒದ್ದಾಡುತ್ತಿದ್ದವರಿಗೆ ಕೈ ಕೊಡಲು ಕುದುರೆಯಿಂದ ಬಾಗಿದ; ಜೀನಿನ ಪಟ್ಟಿ ಹರಿದು ಕೆಳಗೆ ಬಿದ್ದ; ಬಿದ್ದವನು ಹಣ್ಣು ಹಣ್ಣು ಮುದುಕ. ಉಪಕಾರ ಮಾಡಲು ಹೋಗಿ ಕೆಟ್ಟ ಅವನನ್ನು ನೆನೆದರೆ ನನಗೆ ಈಗಲೂ ನೀವ್‌ನ ಮೇಲೆ ಸಿಟ್ಟು ಬರುತ್ತದೆ. ಸ್ಕಾಟ್ಲೆಂಡಿನ ಲಾವಣಿಯ ಥಾಮಸ್‌ನ ಪಾಡು ಇನ್ನೂ ಚೆನ್ನ. ಕಿನ್ನರ ರಾಣಿಯ ನಾಡಿನಲ್ಲಿ ಏಳು ವರ್ಷ ಕಳೆದವನಿಗೆ ಸಿಕ್ಕ ಉಡುಗೊರೆ ಸುಳ್ಳಾಡಲಾರದ ನಾಲಿಗೆ. ಇದನ್ನಿಟ್ಟುಕೊಂಡು ಸಂತೆಯಲ್ಲಿ ಕೊಡುಕೊಳ್ಳುವುದು ಹೇಗೆ ಎಂದು ಅವನು ಗೋಳಾಡುತ್ತಾನೆ.

ಮಕ್ಕಳನ್ನು ಎಳೆಯುವುದು ಈ ಕಟ್ಟಳೆಗಳೇ. ತಾಳಮದ್ದಳೆಗೆ, ಅಂದರೆ ವೇಷವಿಲ್ಲದೆ ಮಾತಿನಲ್ಲೇ ನಡೆಯುವ ಯಕ್ಷಗಾನಕ್ಕೆ, ಕುಳಿತವರಿಗೆ ಸಂಧಾನ ಮುರಿದು ಬೀಳುತ್ತದೆಂದು ಮೊದಲೇ ಗೊತ್ತು. ಆದರೂ ಕೌರವನ ಮಾತಿನ ಯಾವ ಸಂದಿನಲ್ಲಿ ಕೃಷ್ಣ ನುಗ್ಗುತ್ತಾನೆಂದು ಕೇಳಲು ನಿದ್ದೆಗೆಟ್ಟು ಕೂರುತ್ತಾರೆ. ಫ್ಯಾಂಟಸಿ ಓದುಗರದ್ದೂ ಅದೇ ರುಚಿ. ಇಂದಿನ ಅನೇಕ ಕಾದಂಬರಿಗಳಲ್ಲಿ ಕಿನ್ನರರು ಸುಳ್ಳು ಹೇಳುವಂತಿಲ್ಲ, ಆದರೆ ನಿಜವನ್ನೇ ಹೇಳಿ ಮೋಸ ಮಾಡಬಲ್ಲರು. ಮೊನ್ನೆ ಅಂಥದ್ದೊಂದು ಪುಸ್ತಕ ನನ್ನಂಗಡಿಗೆ ವಾಪಸು ಬಂತು. ಮಳೆಯ ತೇವಕ್ಕೆ ಅಂಚು ಉಬ್ಬಿತ್ತು, ಬೆನ್ನಿನ ಗೋಂದು ಬಿಟ್ಟಿತ್ತು. ನಾಯಕಿ ಕಿನ್ನರ ದೊರೆಯೊಂದಿಗೆ ಕರಾರು ಮಾಡಿಕೊಳ್ಳುವ ಪುಟದಲ್ಲಿ ಯಾರೋ ಪೆನ್ಸಿಲಿನಿಂದ ಬರೆದಿದ್ದರು: ‘ಸೂರ್ಯ ಮುಳುಗುವವರೆಗೆ ಅಂದ, ಯಾವ ದಿನದ ಸೂರ್ಯ ಅನ್ನಲಿಲ್ಲ. ಸಿಕ್ಕಿಬಿದ್ದಳು.’ ಪುಸ್ತಕದಲ್ಲಿ ಗೀಚಿದರೆ ದಂಡ ಹಾಕುವುದು ನಮ್ಮ ಅಂಗಡಿಯ ನಿಯಮ. ಇಷ್ಟು ಎಚ್ಚರದಿಂದ ಓದಿದವರಿಗೆ ದಂಡ ಹಾಕಲು ಮನಸ್ಸಾಗಲಿಲ್ಲ. ಬ್ಯಾಂಕಿನ ಸಾಲಪತ್ರಕ್ಕೆ ನಾವು ಹಿರಿಯರು ಓದದೆಯೇ ರುಜು ಹಾಕುತ್ತೇವಲ್ಲ!

ಇನ್ನೊಂದು ಸೆಳೆತ ಕರಾವಳಿಯವರಿಗೆ ಬೇಗ ಅರ್ಥವಾಗಬೇಕು. ಆ ಕಿನ್ನರ ಜನಕ್ಕೆ ವಿಳಾಸವಿದೆ: ಇಂಥ ದಿಬ್ಬ, ಇಂಥ ಮುಳ್ಳಿನ ಮರ. ಐರ್ಲೆಂಡಿನಲ್ಲಿ ಹಳೆಯ ಕಾಲದ ದುಂಡನೆಯ ಮಣ್ಣಿನ ಕೋಟೆಗಳು ಹತ್ತಾರು ಸಾವಿರ ಉಳಿದಿವೆ. ಸಾವಿರ ವರ್ಷಗಳಿಗೂ ಹಿಂದಿನ ರೈತರ ಮನೆಯಂಗಳಗಳವು ಎಂದು ಪುರಾತತ್ತ್ವದವರು ಹೇಳುತ್ತಾರೆ. ಕಿನ್ನರರ ಜಾಗ ಎಂದು ಊರವರು ನೇಗಿಲನ್ನು ಸುತ್ತು ಹಾಕಿ ಹೊಡೆದರು. 1999ರಲ್ಲಿ ಕ್ಲೇರ್ ಕೌಂಟಿಯ ಲಾಟೂನ್ ಎಂಬಲ್ಲಿ ಹೊಸ ರಸ್ತೆಗೆ ಅಡ್ಡವಾಗಿ ಒಂಟಿ ಮುಳ್ಳುಗಿಡವೊಂದಿತ್ತು. ಅದು ಕಿನ್ನರರ ಪಡೆಗಳು ಸೇರುವ ತಾಣವೆಂದು ಎಡ್ಡಿ ಲೆನಿಹನ್ ಎಂಬ ಕಥೆಗಾರ ಪತ್ರಿಕೆಗಳಿಗೆ ಬರೆದು ಹೋರಾಡಿದ. ಕೊನೆಗೆ ಗಿಡವನ್ನು ಉಳಿಸಿಯೇ ರಸ್ತೆ ಮಾಡಿದರು. ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ಡಗ್ಲಸ್‌ನಿಂದ ಕ್ಯಾಸಲ್‌ಟೌನ್‌ಗೆ ಹೋಗುವ ದಾರಿಯಲ್ಲಿ ಕಿನ್ನರರ ಸೇತುವೆಯಿದೆ. ದಾಟುವವರು ಇಂದಿಗೂ ನಮಸ್ಕಾರ ಹೇಳಿಯೇ ದಾಟುತ್ತಾರೆ. ನಮ್ಮ ಬಸ್ಸು ದೈವದ ಕಾಣಿಕೆ ಡಬ್ಬಿಯ ಎದುರು ಬಂದಾಗ ಚಾಲಕ ವೇಗ ತಗ್ಗಿಸುವುದನ್ನು, ನಿರ್ವಾಹಕ ಚೀಲದಿಂದ ನಾಣ್ಯ ತೆಗೆದು ಎಸೆಯುವುದನ್ನು ಕಾಣದವರು ಈ ಊರಿನಲ್ಲಿ ಯಾರಿದ್ದಾರೆ?

ಒಂದು ಮಾತು ಸ್ಪಷ್ಟಪಡಿಸುತ್ತೇನೆ, ಇಲ್ಲದಿದ್ದರೆ ಮುಂದಿನ ವಾರ ನನ್ನ ಮೇಲೆಯೇ ಪತ್ರ ಬರುತ್ತದೆ. ನಮ್ಮ ದೈವಗಳು ಕಿನ್ನರರಲ್ಲ. ಅವಕ್ಕೆ ನೇಮವೆಂಬ ಆರಾಧನೆಯಿದೆ, ನಂಬಿದ ಕುಟುಂಬಗಳಿವೆ, ನ್ಯಾಯ ಹೇಳುವ ಅಧಿಕಾರವಿದೆ. ಅವನ್ನು ಕಾದಂಬರಿಯ ಪಾತ್ರ ಮಾಡಿ ಎಂದು ನಾನು ಹೇಳುತ್ತಿಲ್ಲ. ಆದರೆ ಮರಗಳಿಗೆ ಗೌರವ ಕೊಡುವ ವಿಷಯದಲ್ಲಿ ವಿದೇಶಿಯರನ್ನು ಹೀಗಳೆಯುವ ಮೊದಲು ನಮ್ಮ ನಾಗಬನಗಳನ್ನು ನೋಡಿಕೊಳ್ಳೋಣ. ಮರ ಕಡಿದು, ಕಾಂಕ್ರೀಟು ಸುರಿದು, ಟೈಲ್ಸ್ ಹಾಸಿ ‘ಜೀರ್ಣೋದ್ಧಾರ’ ಮಾಡಿದ ಬನಗಳು ಎಷ್ಟು ಬೇಕು?

ಈ ಕಥೆಗಳೆಲ್ಲ ಮುದ್ದಾಗಿವೆ ಎಂದೂ ನಾನು ಹೇಳುವುದಿಲ್ಲ. ಕಿನ್ನರರು ಮನುಷ್ಯರನ್ನು ಕದ್ದು ಬದಲಿಗೆ ತಮ್ಮವರನ್ನು ಇಡುತ್ತಾರೆ ಎಂಬ ನಂಬಿಕೆಯಿಂದ ಜೀವಗಳು ಹೋಗಿವೆ. 1895ರಲ್ಲಿ ಟಿಪರರಿ ಕೌಂಟಿಯಲ್ಲಿ ಬ್ರಿಜೆಟ್ ಕ್ಲಿಯರಿ ಎಂಬ ಹೊಲಿಗೆ ಕೆಲಸದ ಹೆಂಗಸು ಕಾಯಿಲೆ ಬಿದ್ದಳು. ಇವಳು ನನ್ನ ಹೆಂಡತಿಯಲ್ಲ, ಬದಲಿಗೆ ಬಂದವಳು ಎಂದು ಗಂಡ ಮೈಕೆಲ್, ಬಂಧುಗಳು ಮನೆಯಲ್ಲಿರುವಾಗಲೇ ಅವಳನ್ನು ಸುಟ್ಟ. ಆಮೇಲೆ ನಿಜವಾದ ಹೆಂಡತಿ ಬಿಳಿ ಕುದುರೆಯೇರಿ ಬರುತ್ತಾಳೆಂದು ಮಣ್ಣಿನ ಕೋಟೆಯ ಬಳಿ ಕಾದ. ಅವನಿಗೆ 20 ವರ್ಷದ ಶಿಕ್ಷೆಯಾಯಿತು. ಈ ಸಂಗತಿ ನನಗೆ ತಿಳಿದದ್ದು ಇದೇ ಕಾದಂಬರಿಗಳನ್ನು ಓದುವ ನರ್ಸಿಂಗ್ ವಿದ್ಯಾರ್ಥಿನಿಯೊಬ್ಬಳಿಂದ. ‘ಕಾಯಿಲೆಯವಳಿಗೆ ಔಷಧ ಕೊಡುವ ಬದಲು ನೀನು ಬ್ರಿಜೆಟ್ ಹೌದೇ ಎಂದು ಕೇಳುತ್ತಾ ಕೂತರು, ಆಂಟಿ’ ಎಂದಳು. ಇವರಿಗೆ ಕನಸು ಯಾವುದು, ಕ್ರೌರ್ಯ ಯಾವುದು ಎಂಬುದು ಗೊತ್ತಿದೆ.

ಹಿರಿಯರ ನಿಜವಾದ ದೂರು ನಮ್ಮ ಕಥೆಗಳನ್ನು ಯಾರೂ ಕೇಳುವುದಿಲ್ಲ ಎಂಬುದಾದರೆ, ಐರ್ಲೆಂಡಿನವರು ಏನು ಮಾಡಿದರು ನೋಡಿ. 1937ರಿಂದ 1939ರವರೆಗೆ ಅಲ್ಲಿನ ಸುಮಾರು 5,000 ಪ್ರಾಥಮಿಕ ಶಾಲೆಗಳ ಮೇಲಿನ ತರಗತಿಯ ಮಕ್ಕಳಿಗೆ ಒಂದು ಕೆಲಸ ಕೊಟ್ಟರು. ಮನೆಯ ಅಜ್ಜ ಅಜ್ಜಿಯರನ್ನು, ನೆರೆಯ ಮುದುಕರನ್ನು ಕೇಳಿ ಊರಿನ ಕಥೆ, ಮದ್ದು, ಬಾವಿ, ದಿಬ್ಬ, ದೆವ್ವ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಒಟ್ಟು ಏಳು ಲಕ್ಷಕ್ಕೂ ಹೆಚ್ಚು ಪುಟಗಳಾದವು. ಇಂದು ಆ ಪುಟಗಳು ಮಕ್ಕಳ ಕೈಬರಹದ ಸಮೇತ ಅಂತರ್ಜಾಲದಲ್ಲಿ ಯಾರು ಬೇಕಾದರೂ ಓದುವಂತಿವೆ.

ನಮ್ಮಲ್ಲಿ ಸಂಗ್ರಹ ನಡೆದಿಲ್ಲವೆಂದಲ್ಲ. ಬಾಸೆಲ್ ಮಿಷನ್ನಿನವರು 1886ರಲ್ಲೇ ಮಂಗಳೂರಿನಲ್ಲಿ ಪಾಡ್ದನಗಳನ್ನು, ಅಂದರೆ ತುಳುವಿನ ಹಾಡುಗಥೆಗಳನ್ನು, ಅಚ್ಚು ಹಾಕಿದರು. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರ ಆರು ಸಂಪುಟಗಳ ತುಳು ನಿಘಂಟನ್ನೇ ಕೊಟ್ಟಿದೆ. ಅದೆಲ್ಲ ವಿದ್ವಾಂಸರ ಕೆಲಸ. ಕಾರ್ಕಳದ ಗೊಮ್ಮಟನನ್ನು ಕೆತ್ತಿದ ಕಲ್ಕುಡನ ಕೈಕಾಲು ಕಡಿಸಿದ ಅರಸನ ಮೇಲೆ ತಂಗಿ ಕಲ್ಲುರ್ಟಿ ಸೇಡು ತೀರಿಸಿಕೊಂಡ ಪಾಡ್ದನ ಪುಸ್ತಕದಲ್ಲಿ ಸಿಗುತ್ತದೆ. ನಿಮ್ಮ ಮನೆಯ ಹಿಂದಿನ ಬಾವಿಗೆ ಸಂಜೆ ಹೊತ್ತು ಕೊಡ ಇಳಿಸಬಾರದು ಎಂದು ಅಜ್ಜಿ ಹೇಳುತ್ತಿದ್ದುದೇಕೆ ಎಂಬುದು ಯಾವ ಪುಸ್ತಕದಲ್ಲೂ ಇಲ್ಲ. ಮಳೆಗಾಲದ ಆಟಿ ತಿಂಗಳಲ್ಲಿ ಕುಲೆಗಳಿಗೆ, ಅಂದರೆ ಸತ್ತವರ ಆತ್ಮಗಳಿಗೆ, ಬಡಿಸುವಾಗ ಯಾರ ಹೆಸರು ಹೇಳುತ್ತಿದ್ದರು, ಆ ಹೆಸರಿನವರು ಹೇಗೆ ಸತ್ತರು ಎಂಬುದೂ ಇಲ್ಲ. ಅದು ತಿಳಿದವರು ಎಂಬತ್ತು ದಾಟಿದ್ದಾರೆ.

ಆದ್ದರಿಂದ ದಕ್ಷಿಣ ಕನ್ನಡ, ಉಡುಪಿ ಈ ಎರಡು ಜಿಲ್ಲೆಗಳ ಶಿಕ್ಷಣ ಇಲಾಖೆಗೆ ನನ್ನ ವಿನಂತಿ: ಬರುವ ಆಟಿಯಿಂದ ಎಂಟನೇ ತರಗತಿಯ ಮಕ್ಕಳಿಗೆ ವಾರಕ್ಕೊಂದು ಪುಟ ಇಂಥದ್ದನ್ನು ಬರೆಸಿ. ತುಳು, ಕೊಂಕಣಿ, ಬ್ಯಾರಿ, ಕುಂದಾಪುರದ ಕನ್ನಡ, ಮನೆಯಲ್ಲಿ ಹೇಗೆ ಹೇಳುತ್ತಾರೋ ಹಾಗೆಯೇ ಇರಲಿ. ತಿದ್ದಬೇಡಿ, ಅಂಕ ಕೊಡಬೇಡಿ. ತಮ್ಮ ಪತ್ರಿಕೆಯೂ ವಾರಕ್ಕೆ ಅರ್ಧ ಪುಟ ಇದಕ್ಕೆ ಬಿಟ್ಟುಕೊಡಲಿ. ಇಲಾಖೆಯ ಕಡತ ಏಳುವವರೆಗೆ ಕಾಯುವುದೇಕೆಂದು ನಾನು ಅಂಗಡಿಯ ಮೇಜಿನ ಮೇಲೆ ರಟ್ಟು ಹಾಕಿಸಿದ ದೊಡ್ಡ ಪುಸ್ತಕವೊಂದನ್ನು ಇಟ್ಟಿದ್ದೇನೆ. ಮೊದಲ ಕಥೆ ಬರೆದವಳು ಅದೇ ನರ್ಸಿಂಗ್ ವಿದ್ಯಾರ್ಥಿನಿ. ಕಳೆದ ವಾರ ಪತ್ರ ಬರೆದ ಹಿರಿಯರೂ ದಯವಿಟ್ಟು ಬರಬೇಕು. ಬರೆಯಲು ಕೈ ನಡುಗುವುದಾದರೆ ಅವರು ಹೇಳಲಿ, ನಾನು ಬರೆದುಕೊಳ್ಳುತ್ತೇನೆ. ಭಾನುವಾರ ಮಾತ್ರ ರಜೆ.

– ಪುಸ್ತಕದಂಗಡಿಯ ಓದುಗಿ, ಮಣ್ಣಗುಡ್ಡ, ಮಂಗಳೂರು