ತುಂಗೆಯ ನೀರಿಗೆ ಆರ್‌ಒ ಯಾಕೆ?

ಮಾನ್ಯ ಸಂಪಾದಕರೇ,

ಬೇಸಿಗೆ ಬಂತೆಂದರೆ ಪೇಪರ್ ಒಳಗೆ ಆರ್‌ಒ ಫಿಲ್ಟರಿನ ಪಾಂಪ್ಲೆಟ್ ಇಲ್ಲದ ದಿನವೇ ಇರುವುದಿಲ್ಲ. ಶಿವಮೊಗ್ಗದಲ್ಲಿ ಯಾರ ಗೃಹಪ್ರವೇಶಕ್ಕೆ ಹೋದರೂ ಅಡುಗೆಮನೆ ಗೋಡೆಯ ಮೇಲೆ ಅದೊಂದು ಇದ್ದೇ ಇರುತ್ತದೆ. ಈಗೀಗ ತೀರ್ಥಹಳ್ಳಿ, ಹೊಸನಗರದ ಒಳಗಿನ ಹಳ್ಳಿಗಳಲ್ಲೂ, ಅಂದರೆ ಗುಡ್ಡದ ಅಬ್ಬಿ ನೀರು ಪೈಪಿನಲ್ಲಿ ಸೀದಾ ಮನೆಗೆ ಬರುವ ಕಡೆಯಲ್ಲೂ ಅದು ನೇತಾಡುತ್ತಿದೆ. 'ತುಂಗಾ ಪಾನ, ಗಂಗಾ ಸ್ನಾನ' ಎಂದು ಹೇಳಿಕೊಂಡು ಬಂದವರು ನಾವು. ಈಗ ಸಾವಿರಾರು ರೂಪಾಯಿ ಕೊಟ್ಟು ಅದೇ ನೀರಿನಿಂದ ಉಪ್ಪು ತೆಗೆಸುತ್ತಿದ್ದೇವೆ. ಅದೂ ಇಲ್ಲದ ಉಪ್ಪನ್ನು!

ಆರ್‌ಒ ಕೆಟ್ಟದ್ದು ಅಂತ ನನ್ನ ವಾದವಲ್ಲ. ಅದು ಹುಟ್ಟಿದ್ದೇ ಉಪ್ಪುನೀರನ್ನು ಸಿಹಿ ಮಾಡಲಿಕ್ಕೆ, ಆ ಕೆಲಸದಲ್ಲಿ ಅದನ್ನು ಮೀರಿಸುವಂಥದ್ದು ಕಡಿಮೆ. ಅಪ್ಪೆಮಿಡಿ ಉಪ್ಪಿನಲ್ಲಿ ಹಾಕುವವರಿಗೆ ಅದರ ಅರ್ಧ ಕಥೆ ಆಗಲೇ ಗೊತ್ತು. ಭರಣಿಗೆ ಮಿಡಿ, ಕಲ್ಲುಪ್ಪು ತುಂಬಿಸಿಟ್ಟರೆ ಕೆಲವೇ ದಿನದಲ್ಲಿ ಮಿಡಿ ಚಿರುಟಿಕೊಂಡು ನೀರು ಬಿಟ್ಟಿರುತ್ತದೆ, ನಾವು ಒಂದು ಹನಿ ಹಾಕದಿದ್ದರೂ. ಒಳಗಿನ ನೀರು ಸಿಪ್ಪೆ ದಾಟಿ ಉಪ್ಪು ಜಾಸ್ತಿ ಇರುವ ಕಡೆ ಹೋಯಿತು, ಅಷ್ಟೇ. ಇದು ಆಸ್ಮೋಸಿಸ್. ಇದನ್ನು ಹಿಂದುಮುಂದು ಮಾಡಿ, ಉಪ್ಪುನೀರನ್ನು ಜೋರಾಗಿ ಒತ್ತಿ, ಉಪ್ಪನ್ನು ಈಚೆಗೇ ಬಿಟ್ಟು ನೀರನ್ನು ಮಾತ್ರ ಆಚೆ ದಾಟಿಸಿದರೆ ರಿವರ್ಸ್ ಆಸ್ಮೋಸಿಸ್, ಅದೇ ಆರ್‌ಒ.

ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅದರ ಸೆಳೆತವನ್ನು ಸರಿಗಟ್ಟಲಿಕ್ಕೇ 27 ಬಾರ್‌ನಷ್ಟು ಒತ್ತಡ ಬೇಕು (ಒಂದು ಬಾರ್ ಅಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ). ಸಾಕಷ್ಟು ನೀರು ಆಚೆ ಬರಬೇಕೆಂದರೆ 55ರಿಂದ 70 ಬಾರ್ ಒತ್ತುತ್ತಾರೆ. ಮನೆಗಳಲ್ಲಿರುವ ಮಷಿನ್ನಿನ ಪಂಪು, ಉಪ್ಪು ಕಡಿಮೆ ಇರುವ ನೀರಿಗೆ, ಒತ್ತುವುದು ನಾಲ್ಕೈದು ಬಾರ್. ಸಮುದ್ರದ ನೀರಿಗೆ ಬೇಕಾದಷ್ಟು ಒತ್ತಡ ತಡೆದುಕೊಂಡು ನೀರನ್ನೂ ಬೇಗ ಬಿಡುವ ಹಾಳೆ, ಅಂದರೆ ಮೆಂಬ್ರೇನ್, ಸಿಗದೆ ಈ ವಿದ್ಯೆ ಬಹಳ ಕಾಲ ಪ್ರಯೋಗಾಲಯದಲ್ಲೇ ಇತ್ತು. 1960ರ ಸುಮಾರಿಗೆ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸಿಡ್ನಿ ಲೋಬ್ ಮತ್ತು ನಮ್ಮ ದೇಶದಿಂದಲೇ ಹೋಗಿದ್ದ ಶ್ರೀನಿವಾಸ ಸೌರಿರಾಜನ್ ಸೇರಿ ಅಂಥ ಹಾಳೆ ಮಾಡಿದರು. 1965ರಲ್ಲಿ ಕ್ಯಾಲಿಫೋರ್ನಿಯಾದ ಕೋಲಿಂಗಾ ಎಂಬ ಊರಿನ ಜನ ಅದರ ನೀರು ಕುಡಿದರು.

ಹಳೇ ಮೆಂಬ್ರೇನ್ ಬದಲಾಯಿಸಿದಾಗ ಎಸೆಯಬೇಡಿ, ಬ್ಲೇಡಿನಿಂದ ಉದ್ದಕ್ಕೆ ಸೀಳಿ ನೋಡಿ. ಮಧ್ಯದಲ್ಲಿ ಸಣ್ಣ ತೂತುಗಳಿರುವ ಪ್ಲಾಸ್ಟಿಕ್ ಕೊಳವೆ, ಅದರ ಸುತ್ತ ಸುರುಳಿ ಸುತ್ತಿದ ಹಾಳೆ, ಹಾಳೆಗಳ ನಡುವೆ ತೆಳ್ಳಗಿನ ಬಲೆ. ಹಾಳೆಯ ಒಂದು ಮೈ ನುಣುಪಾಗಿ ಹೊಳೆಯುತ್ತದೆ. ಉಪ್ಪನ್ನು ತಡೆಯುವುದು ಆ ಮೈ ಮೇಲಿನ ಪಾಲಿಅಮೈಡ್ ಎಂಬ ಪ್ಲಾಸ್ಟಿಕ್ಕಿನ ಪದರ, ಅದರ ದಪ್ಪ ಒಂದು ಮಿಲಿಮೀಟರಿನ ಐದು ಸಾವಿರದಲ್ಲಿ ಒಂದು ಪಾಲೂ ಇರುವುದು ಅನುಮಾನ. ಕೆಳಗಿನ ಪಾಲಿಸಲ್ಫೋನ್, ಪಾಲಿಯೆಸ್ಟರ್ ಎಲ್ಲ ಅದಕ್ಕೆ ಆಸರೆ. ಈ ಪದರಕ್ಕೆ ಕ್ಲೋರಿನ್ ಆಗಿಬರುವುದಿಲ್ಲ, ಅದಕ್ಕೇ ಮೆಂಬ್ರೇನಿಗಿಂತ ಮೊದಲು ಕಾರ್ಬನ್ ಫಿಲ್ಟರ್ ಇಡುವುದು. ಅಂದರೆ ಕ್ರಿಮಿ ಬೆಳೆಯದಿರಲಿ ಅಂತ ನಗರಪಾಲಿಕೆ ಹಾಕಿದ ಕ್ಲೋರಿನ್ನನ್ನು ಮೆಂಬ್ರೇನ್ ಉಳಿಸಿಕೊಳ್ಳಲು ನಾವೇ ತೆಗೆಯುತ್ತೇವೆ. ಆಮೇಲೆ ಆ ನೀರು ಮಷಿನ್ನಿನ ಟ್ಯಾಂಕಿನಲ್ಲಿ ಕ್ಲೋರಿನ್ ಇಲ್ಲದೆ ಕೂತಿರುತ್ತದೆ. ಟ್ಯಾಂಕನ್ನು ಎಷ್ಟು ಮನೆಯಲ್ಲಿ ತೊಳೆಯುತ್ತಾರೋ!

ಚೆನ್ನೈಗೆ ಇದು ಬೇಕು. ಅಲ್ಲಿ ಸಮುದ್ರದ ನೀರು ಸಿಹಿ ಮಾಡುವ ಮೀಂಜೂರಿನ ಘಟಕ 2010ರಲ್ಲಿ, ನೆಮ್ಮೇಲಿಯದು 2013ರಲ್ಲಿ ಶುರುವಾಯಿತು, ಒಂದೊಂದೂ ದಿನಕ್ಕೆ 10 ಕೋಟಿ ಲೀಟರ್ ಸಾಮರ್ಥ್ಯದ್ದು. ಸಾವಿರ ಲೀಟರ್ ಸಮುದ್ರದ ನೀರು ಸಿಹಿ ಮಾಡಲು ಈ ಕಾಲದ ಘಟಕಗಳಿಗೂ ಮೂರ್ನಾಲ್ಕು ಯೂನಿಟ್ ಕರೆಂಟ್ ಬೇಕು, ಎತ್ತಿಕೊಂಡ ನೀರಿನಲ್ಲಿ ಅರ್ಧಕ್ಕಿಂತ ಜಾಸ್ತಿ ಇನ್ನೂ ಉಪ್ಪಾಗಿ ಸಮುದ್ರಕ್ಕೆ ವಾಪಸ್ ಹೋಗುತ್ತದೆ. ಬೇರೆ ದಾರಿ ಇಲ್ಲದ ಊರು ಆ ಖರ್ಚು ಹಾಕಲೇಬೇಕು. ನಮ್ಮ ರಾಜ್ಯದಲ್ಲೇ ಪಾವಗಡ, ಕೋಲಾರದ ಕಡೆ ಬೋರ್‌ವೆಲ್ ನೀರಿನಲ್ಲಿ ಹಲ್ಲು, ಮೂಳೆ ಕೆಡಿಸುವಷ್ಟು ಫ್ಲೋರೈಡ್. ಅದು ಕುದಿಸಿದರೆ ಹೋಗುವಂಥದ್ದಲ್ಲ. ಅಲ್ಲಿ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಘಟಕದಲ್ಲಿರುವುದು ಇದೇ ಮೆಂಬ್ರೇನ್, ಅಲ್ಲಿ ಅದಕ್ಕೆ ಕೈ ಮುಗಿಯಬೇಕು.

ಆದರೆ ನಮ್ಮ ತುಂಗೆ? ನಾನು ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರುವ ಉಪ್ಪು-ಖನಿಜದ ಪ್ರಮಾಣ, ತೋರಿಸುವ ಮೀಟರ್ ಅದ್ದಿ ನೋಡಿದ ನಲ್ಲಿಗಳಲ್ಲಿ ಅಂಕಿ ನೂರು ದಾಟುವುದೇ ಕಷ್ಟ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ (ಬಿಐಎಸ್) ಹೇಳುವ ಒಪ್ಪಬಹುದಾದ ಮಿತಿ ಲೀಟರಿಗೆ 500 ಮಿಲಿಗ್ರಾಂ. ಟಿಡಿಎಸ್ 500ಕ್ಕಿಂತ ಕಡಿಮೆ ಇರುವಲ್ಲಿ ಆರ್‌ಒ ನಿಷೇಧಿಸಬೇಕು ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಸರ್ಕಾರಕ್ಕೆ ಹೇಳಿತ್ತು. ಆದರೂ ಇಲ್ಲಿ ವ್ಯಾಪಾರ ನಡೆದೇ ಇದೆ.

ಹೇಗೆ ನಡೆಯುತ್ತದೆ ಅಂದರೆ, ಮನೆಗೆ ಬರುವ ಸೇಲ್ಸ್ ಹುಡುಗ ಎರಡು ಗ್ಲಾಸ್ ಕೇಳುತ್ತಾನೆ. ಒಂದಕ್ಕೆ ನಿಮ್ಮ ನಲ್ಲಿ ನೀರು, ಇನ್ನೊಂದಕ್ಕೆ ಅವನು ತಂದ ಆರ್‌ಒ ನೀರು. ಲೋಹದ ಕಡ್ಡಿಗಳಿರುವ ಒಂದು ಡಬ್ಬಿಯನ್ನು ಎರಡರ ಮೇಲೂ ಇಟ್ಟು ಸ್ವಿಚ್ ಹಾಕುತ್ತಾನೆ. ನೋಡನೋಡುತ್ತಾ ನಲ್ಲಿ ನೀರು ಕಂದು ಬಣ್ಣಕ್ಕೆ ತಿರುಗಿ, ಮೇಲೆ ನೊರೆ ಕಟ್ಟಿ, ತಳದಲ್ಲಿ ಗಷ್ಟು ಇಳಿಯುತ್ತದೆ. ಅವನ ನೀರು ತಿಳಿಯಾಗಿಯೇ ಇರುತ್ತದೆ. "ನೋಡಿ ಅಮ್ಮಾ, ಮಕ್ಕಳಿಗೆ ಇದನ್ನೇ ಕುಡಿಸ್ತಾ ಇದ್ದೀರಾ" ಅನ್ನುತ್ತಾನೆ. ಯಾವ ತಾಯಿಗೆ ಹೊಟ್ಟೆ ತೊಳಸುವುದಿಲ್ಲ? ಆದರೆ ಆ ಬಣ್ಣ ನೀರಿನದಲ್ಲ, ಕಡ್ಡಿಯ ಕಬ್ಬಿಣದ್ದು! ನೀರಿನಲ್ಲಿ ಸ್ವಲ್ಪ ಖನಿಜ ಇದ್ದರೆ ಕರೆಂಟ್ ಹರಿಯುತ್ತದೆ, ಕರೆಂಟ್ ಹರಿದರೆ ಕಬ್ಬಿಣ ಕರಗಿ ತುಕ್ಕಾಗುತ್ತದೆ. ಆರ್‌ಒ ನೀರಿನಲ್ಲಿ ಖನಿಜ ತೀರಾ ಕಡಿಮೆ, ಹಾಗಾಗಿ ಕರೆಂಟ್ ಹರಿಯುವುದೇ ಅಪರೂಪ ಅನ್ನುವಷ್ಟು ಕಡಿಮೆ. ನಮ್ಮ ಪಕ್ಕದ ಮನೆಯಲ್ಲಿ ಈ ಆಟ ನಡೆಯುತ್ತಿದ್ದಾಗ ನಾನೂ ಇದ್ದೆ, ಅವನ ಶುದ್ಧ ನೀರಿಗೇ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಸ್ವಿಚ್ ಹಾಕಪ್ಪ ಅಂದೆ. ಅದು ನಲ್ಲಿ ನೀರಿಗಿಂತ ಕೆಟ್ಟದಾಗಿ ಕೆಂಪಗಾಯಿತು. ಹುಡುಗ ಬ್ಯಾಗ್ ಎತ್ತಿಕೊಂಡು ಹೋದ. ಪಾಪ, ಅವನಿಗೂ ಯಾರೋ ಹೀಗೇ ಹೇಳಿಕೊಟ್ಟಿರುತ್ತಾರೆ.

ಇನ್ನೊಂದು ತಮಾಷೆ ಕೇಳಿ. ನಮ್ಮ ನೀರನ್ನು ಆರ್‌ಒಗೆ ಹಾಕಿದರೆ ಟಿಡಿಎಸ್ ಹತ್ತಕ್ಕೋ ಹದಿನೈದಕ್ಕೋ ಇಳಿದು ನೀರು ಸಪ್ಪೆಯಾಗುತ್ತದೆ, ಕುಡಿದರೂ ಕುಡಿದ ಹಾಗೆ ಅನ್ನಿಸುವುದಿಲ್ಲ. ಹಾಗೆಂದು ದೂರು ಕೊಟ್ಟರೆ ಸರ್ವೀಸಿನವರು ಬಂದು ಟಿಡಿಎಸ್ ಕಂಟ್ರೋಲರ್ ಎಂಬ ಸಣ್ಣ ತಿರುಪನ್ನು ಸ್ವಲ್ಪ ತಿರುಗಿಸಿ ಹೋಗುತ್ತಾರೆ. ಅದು ಮಾಡುವುದೇನು ಗೊತ್ತಾ? ಮೆಂಬ್ರೇನ್‌ಗೆ ಹೋಗದ ನೀರನ್ನೇ ತಂದು ಶುದ್ಧ ನೀರಿಗೆ ಬೆರೆಸುವುದು. ತೆಗೆಯಲಿಕ್ಕೆ ಒಂದು ದುಡ್ಡು, ತಿರುಗಿ ಸೇರಿಸಲಿಕ್ಕೆ ಇನ್ನೊಂದು. ನಡುವೆ ಒಂದು ಲೀಟರ್ ಸಿಗುವಷ್ಟರಲ್ಲಿ ಎರಡು ಮೂರು ಲೀಟರ್ ಸುಮ್ನೆ ಚರಂಡಿಗೆ.

ನಮ್ಮ ಕಡೆ ನೀರಿನ ತೊಂದರೆ ಇಲ್ಲವೆಂದಲ್ಲ. ಮಳೆಗಾಲದಲ್ಲಿ ಹೊಳೆ ಕೆಮ್ಮಣ್ಣಿನ ಬಣ್ಣಕ್ಕೆ ಬರುತ್ತದೆ, ಬಾವಿಗೆ ಕೊಟ್ಟಿಗೆಯ ನೀರು, ಶೌಚದ ಗುಂಡಿಯ ನೀರು ಇಳಿಯುತ್ತದೆ, ಮನೆಮಂದಿಗೆಲ್ಲ ಹೊಟ್ಟೆ ಕೆಡುತ್ತದೆ. ಇದೆಲ್ಲ ಮಣ್ಣಿನ, ಕ್ರಿಮಿಯ ಕಾಟ, ಉಪ್ಪಿನದಲ್ಲ. ಟಿಡಿಎಸ್ ಮೀಟರಿಗೆ ಕ್ರಿಮಿ ಕಾಣುವುದೇ ಇಲ್ಲ. ನಲವತ್ತು ತೋರಿಸುವ ತಿಳಿ ನೀರಿನಲ್ಲೂ ಕಾಮಾಲೆ ತರುವ ವೈರಸ್ ಇರಬಹುದು. ಸೋಸಿ ಚೆನ್ನಾಗಿ ಕುದಿಸಿದರೆ ಸಾಕು. ಕುದಿಸಲು ಬೇಜಾರಾದರೆ ಒಳ್ಳೆಯ ಫಿಲ್ಟರ್ ಜೊತೆಗಿರುವ, ಅತಿನೇರಳೆ ಬೆಳಕಿನಿಂದ ಕ್ರಿಮಿ ಕೊಲ್ಲುವ ಯುವಿ ಮಷಿನ್ ತನ್ನಿ, ನೀರು ಚರಂಡಿಗೆ ಹೋಗುವುದಿಲ್ಲ. ಬೋರ್‌ವೆಲ್ ನೀರಿನಲ್ಲಿ ಕಬ್ಬಿಣ ಇದ್ದು ಬಟ್ಟೆ ಹಳದಿಯಾಗುತ್ತಿದ್ದರೆ ಅದಕ್ಕೆ ಕಬ್ಬಿಣ ತೆಗೆಯುವ ಫಿಲ್ಟರೇ ಬೇರೆ ಇದೆ. ಅಂಥ ನೀರನ್ನು ನೇರ ಆರ್‌ಒಗೆ ಬಿಟ್ಟರೆ ಮೆಂಬ್ರೇನ್ ಬೇಗ ಕಟ್ಟಿಕೊಳ್ಳುತ್ತದೆ.

ಸಂಪಾದಕರೇ, ಪತ್ರಿಕೆಯಲ್ಲಿ ಜಾಹೀರಾತು ಹಾಕಬೇಡಿ ಅನ್ನಲು ನಾನು ಯಾರು? ಮಳೆ ಹಿಡಿಯುವ ಮೊದಲು ಒಂದು ಕಾಲಂ ಜಾಗ ನೀರಿಗೆ ಹೊಲಸು ಸೇರಿದೆಯೇ ಎಂದು ತೋರಿಸುವ ಎಚ್2ಎಸ್ ಬಾಟಲಿಗೆ ಕೊಡಿ ಸಾಕು. ಬಹಳ ಗ್ರಾಮ ಪಂಚಾಯಿತಿಗಳಿಗೆ ನೀರು ಪರೀಕ್ಷೆಯ ಕಿಟ್ ಜೊತೆ ಅದನ್ನು ಕೊಟ್ಟಿದ್ದಾರೆ. ಗುರುತಿನವರೆಗೆ ನೀರು ತುಂಬಿಸಿ, ಮುಚ್ಚಳ ಹಾಕಿ, ಒಂದೆರಡು ದಿನ ಬೆಚ್ಚಗಿನ ಜಾಗದಲ್ಲಿ ಇಡಬೇಕು. ನೀರು ಕಪ್ಪಾದರೆ ಹೊಲಸು ಸೇರಿದೆ ಎಂದು ಅರ್ಥ, ಆ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿ ಮತ್ತೆ ಪರೀಕ್ಷೆ ಮಾಡಬೇಕು. ನಿಮ್ಮ ಪಂಚಾಯಿತಿಯಲ್ಲಿ ಆ ಕಿಟ್ ಬೀರುವಿನಲ್ಲೇ ಇದೆಯಾ ಅಂತ ಓದುಗರು ಒಮ್ಮೆ ಹೋಗಿ ಕೇಳಲಿ.

ಇಂತಿ,
ಒಬ್ಬ ವಿಜ್ಞಾನ ಮೇಷ್ಟ್ರು, ತೀರ್ಥಹಳ್ಳಿ