ನಮ್ಮ ತೊಟ್ಟಿಗೆ ವರ್ಷ ತುಂಬಿತು, ನಿಮ್ಮೆಲ್ಲರಿಂದ

ನಮ್ಮ ಮನೆಯ ದೊಡ್ಡ ಮೀನಿನ ತೊಟ್ಟಿಗೆ ಈ ವಾರ ಒಂದು ವರ್ಷ ತುಂಬಿತು. ಉದ್ದ ಎಂಟು ಅಡಿ, ಅಗಲ ಎರಡೂವರೆ, ಎತ್ತರ ಎರಡೂವರೆ. ಪೂರ್ತಿ ತುಂಬಿದರೆ ಸುಮಾರು 1400 ಲೀಟರ್ ನೀರು. ನೋಡಲು ಬಂದವರೆಲ್ಲ ನನ್ನನ್ನೇ ಹೊಗಳಿ ಹೋಗುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಯಾರ್ಯಾರು ಕೈ ಹಚ್ಚಿದರು ಅನ್ನೋದನ್ನ ಇಲ್ಲಿ ಹೇಳಲೇಬೇಕು.

ಇದು ಎರಡನೇ ಸಲ ಕಟ್ಟಿದ ತೊಟ್ಟಿ. ಮೊದಲ ಸಲ ಅವಸರ ಮಾಡಿದ್ದು ನಾನೇ. ಪಡಸಾಲೆಯ ಟೈಲ್ಸ್ ಮೇಲೆಯೇ ಸ್ಟ್ಯಾಂಡ್ ಇಡಿಸಿಬಿಟ್ಟಿದ್ದೆ. ಕಲಬುರಗಿಯ ಎರೆ ಮಣ್ಣು ನಿಮಗೆ ಗೊತ್ತಲ್ವಾ? ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಮೇಲೆ ನಿಂತಿರೋದು ಎರಡು ಟನ್ ಭಾರ. ಒಂದು ಮೂಲೆ ಬೆರಳಿನಷ್ಟು ಕುಸಿಯಿತು, ಗಾಜು ತಿರುಚಿ ಅಂಟು ಬಿಟ್ಟಿತು. ರಾತ್ರಿ ಎರಡು ಗಂಟೆಗೆ ಅತ್ತೆ ನನ್ನನ್ನು ಎಬ್ಬಿಸಿದರು. "ಮನಿಯೊಳಗ ಮಳಿ ಬಂದದ ನೋಡವ್ವ!"

ಕರೆಂಟ್ ಇರಲಿಲ್ಲ. ನಮ್ಮ ಕೂಗು ಕೇಳಿ ಓಣಿಯೇ ಎದ್ದು ಬಂತು. ಕೊಡ, ಬಕೆಟ್, ಯಾರದೋ ಮನೆಯ ಹಂಡೆ. ಎದುರು ಮನೆ ಅಕ್ಕೋರೆ, ನಿಮ್ಮದೊಂದು ಮಾತು ನಾನು ಸಾಯುವವರೆಗೂ ಮರೆಯೋದಿಲ್ಲ. ನಳ ಬರಲು ಇನ್ನೂ ಎರಡು ದಿನ ಇತ್ತು. ನಳದ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ, ಅದರಲ್ಲಿ ಮೀನು ಬಿಡಲಾಗದು ಅಂದೆ ಅಷ್ಟೇ. ನೀವು ತುಂಬಿಟ್ಟಿದ್ದ ನೀಲಿ ಡ್ರಮ್ ಹಾಗೇ ಉರುಳಿಸಿ ಖಾಲಿ ಮಾಡಿದಿರಿ. "ನಮಗ ನೀರು ಎಲ್ಲ್ಯರ ಸಿಗತದ, ಮೊದಲ ನಿಮ್ಮ ಮೀನ ಹಾಕ್ರಿ" ಅಂದಿರಿ. ತೊಟ್ಟಿಯಲ್ಲಿ ಉಳಿದಿದ್ದ ನೀರಿನ ಸಮೇತ ಮೀನುಗಳನ್ನು ಅದರಲ್ಲಿ ಬಿಟ್ಟೆವು. 21ರಲ್ಲಿ 19 ಉಳಿದವು.

ಆಮೇಲೆ ಒಂದು ವಾರ ನನಗೆ ಊಟ ಸೇರಲಿಲ್ಲ. ಇನ್ನು ಈ ಉಸಾಬರಿ ಬೇಡ ಅಂತಲೇ ಇದ್ದೆ. ಮತ್ತೆ ಕಟ್ಟೋಣ ಅಂದವರು ಗಾಜಿನ ಅಂಗಡಿಯ ಚಾಚಾ.

ಗಾಜು ಅಂಟಿಸುವ ಸಿಲಿಕೋನ್ ಹಳೇದರ ಮೇಲೆ ಹೊಸದು ಹಿಡಿಯುವುದಿಲ್ಲ. ಅದಕ್ಕೇ ಮೂರು ದಿನ ಬ್ಲೇಡ್ ಹಿಡಿದು, ಅಂಚು ಅಂಚನ್ನೂ ಕೆರೆದು ತೆಗೆದರು. 19 ಮಿಲಿಮೀಟರ್ ದಪ್ಪದ ಗಾಜು, ಮುಂದಿನ ಹಾಳೆ ಒಂದೇ 88 ಕಿಲೋ. ಅದನ್ನು ನಿಲ್ಲಿಸುವಾಗ ನಾಲ್ಕು ಜನ ಉಸಿರು ಬಿಗಿಹಿಡಿದಿದ್ದರು. ಚಾಚಾ ಮಾತ್ರ ಬೆರಳು ಸೋಪಿನ ನೀರಲ್ಲಿ ಅದ್ದಿ, ಸಿಲಿಕೋನ್ ಗೆರೆಯ ಮೇಲೆ ಈ ತುದಿಯಿಂದ ಆ ತುದಿಗೆ ಒಂದೇ ಸಲ ಎಳೆದರು. ಎಲ್ಲೂ ನಿಲ್ಲಿಸಲಿಲ್ಲ. ನಡುವೆ ನಿಂತರೆ ಅಲ್ಲೇ ಗಾಳಿ ಕೂರುತ್ತದಂತೆ. ಸಿಲಿಕೋನ್ ಒಣಗುವಾಗ ಬರುವ ವಿನೆಗರ್ ವಾಸನೆ ಹೋಗುವವರೆಗೆ ಒಂದು ಹನಿ ನೀರು ಹಾಕಲೂ ಬಿಡಲಿಲ್ಲ.

ಗೌಂಡಿ ಅಣ್ಣ ನೆಲ ಅಗೆದು, ಎರೆ ಮಣ್ಣು ತೆಗೆದು, ಮುರುಮ್ ತುಂಬಿ ದಿಮ್ಮಸು ಹೊಡೆದು, ಮೇಲೆ ಕಾಂಕ್ರೀಟ್ ಹಾಕಿಕೊಟ್ಟರು. ವೆಲ್ಡಿಂಗ್ ಮಾಮಾ ಲೆವೆಲ್ ಸರಿ ಬರುವವರೆಗೆ ಸ್ಟ್ಯಾಂಡನ್ನು ಮೂರು ಸಲ ಕತ್ತರಿಸಿ ಕೂಡಿಸಿದರು, ಮೂರನೇ ಸಲದ ದುಡ್ಡು ಮುಟ್ಟಲಿಲ್ಲ. ಒಳಗಿನ ಗುಡ್ಡ, ಗವಿ ಎಲ್ಲಾ ಶಹಾಬಾದಿನ ಪರ್ಸಿ, ಅಂದರೆ ಸುಣ್ಣದ ಹಾಸುಗಲ್ಲಿನ ತುಂಡು, ಅಂಚು ಉಜ್ಜಿ ನುಣುಪು ಮಾಡಿದ್ದು. ನಮ್ಮ ಬೋರ್ ನೀರು ಗಡಸು, ಪಾತ್ರೆಗೆ ಬಿಳಿ ಪದರ ಕಟ್ಟುತ್ತದೆ ಅಂತ ಎಲ್ಲರೂ ಬೈಯುತ್ತೇವೆ. ಆದರೆ ನಮ್ಮ ತೊಟ್ಟಿಯಲ್ಲಿರುವ ಆಫ್ರಿಕಾದ ಮಲಾವಿ ಸರೋವರದ ಮೀನಿಗೆ ಬೇಕಾಗಿರೋದೇ ಅಂಥ ನೀರು. ಸುಣ್ಣದ ಕಲ್ಲೂ ಜೊತೆಗಿದ್ದರೆ ಇನ್ನೂ ಒಳ್ಳೇದು. ರಸಾಯನಶಾಸ್ತ್ರ ಪಾಠ ಮಾಡುವ ನನಗೆ ಇದು ತಿಳಿದ ದಿನ ಬಹಳ ಖುಷಿಯಾಗಿತ್ತು.

ಬೀದರಿನ ಆ ತಮ್ಮನಿಗೆ ಏನು ಹೇಳಲಿ! ನೀರಿಲ್ಲದೆ ನಿಂತ ಫಿಲ್ಟರಿನಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ಎಲ್ಲಾ ಸತ್ತಿದ್ದವು. ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವುದು ಅವೇ. ಹೊಸದಾಗಿ ಬೆಳೆಯಲು ಒಂದೂವರೆ ತಿಂಗಳು ಹಿಡಿಯಬಹುದು. ಅವನು ತನ್ನ ಹಳೇ ಫಿಲ್ಟರಿನ ಸ್ಪಂಜನ್ನು ಒದ್ದೆಯಾಗಿಯೇ ಡಬ್ಬಿಯಲ್ಲಿಟ್ಟು, ರೈಲಿನಲ್ಲಿ ತೊಡೆಯ ಮೇಲೆ ಹಿಡಿದುಕೊಂಡು ಬಂದ. ಹೆಪ್ಪಿಗೆ ಮೊಸರು ಕೊಟ್ಟ ಹಾಗೆ.

ಮೇ ತಿಂಗಳು ಹೇಗಿತ್ತು ಅಂತ ಕಲಬುರಗಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ನೀರು ಕಾದಷ್ಟೂ ಅದರಲ್ಲಿ ಆಕ್ಸಿಜನ್ ಕಡಿಮೆ. ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಕರೆಂಟ್ ಹೋದಾಗೆಲ್ಲ ಪಕ್ಕದ ಮನೆ ಕಾಕಾ ತಮ್ಮ ಇನ್ವರ್ಟರಿನಿಂದ ವೈರ್ ಎಳೆದು ನಮ್ಮ ಏರ್ ಪಂಪ್ ನಡೆಸಿದರು, ತಾವು ಫ್ಯಾನ್ ಇಲ್ಲದೆ ಅಂಗಳದಲ್ಲಿ ಕೂತರು. ಅತ್ತೆ ಫ್ರಿಜ್ಜಿನಲ್ಲಿ ಐಸ್ ಕಟ್ಟಿಸಿದ ಬಾಟಲಿಗಳನ್ನು ಸೆರಗಿನಲ್ಲಿ ಒರೆಸಿ ಒಂದೊಂದಾಗಿ ನೀರಿಗೆ ಬಿಡುತ್ತಿದ್ದರು. ತೊಟ್ಟಿ ಬೇಡ ಅಂತ ಮೊದಲು ಹಟ ಹಿಡಿದಿದ್ದವರೂ ಅವರೇ. ಈಗ ನನಗಿಂತ ಜಾಸ್ತಿ ಹೊತ್ತು ಅದರ ಮುಂದೆ ಕೂರುತ್ತಾರೆ. ನಮ್ಮನೆಯವರು ಈ ಖರ್ಚಿಗಾಗಿ ಹೊಸ ಗಾಡಿ ತಗೊಳ್ಳೋದನ್ನ ಮುಂದಕ್ಕೆ ಹಾಕಿದರು. ಅದನ್ನು ಒಂದು ದಿನವೂ ಆಡಿ ತೋರಿಸಲಿಲ್ಲ.

ಹೋದ ತಿಂಗಳು ಒಂದು ಯೆಲ್ಲೋ ಲ್ಯಾಬ್ ಮೀನು ಮೇವು ಬಿಟ್ಟಿತು. ಗದ್ದ ಉಬ್ಬಿತ್ತು. ಈ ಜಾತಿಯ ತಾಯಿ ಮೊಟ್ಟೆಗಳನ್ನು ಬಾಯಲ್ಲೇ ಇಟ್ಟು ಕಾಯುತ್ತದೆ, ಹೆಚ್ಚುಕಡಿಮೆ ಮೂರು ವಾರ. "ಬಾಣಂತಿ ಅದ, ಲೈಟ್ ಹಚ್ಚಬ್ಯಾಡ್ರಿ" ಅಂತ ಅತ್ತೆ ಓಣಿಯ ಹುಡುಗರನ್ನೆಲ್ಲ ಸುಮ್ಮನಿರಿಸಿದ್ದರು. ಮೊನ್ನೆ ಬೆಳಗ್ಗೆ ಪರ್ಸಿ ಕಲ್ಲಿನ ಸಂದಿಯಲ್ಲಿ ಮರಿಗಳು ಕಂಡವು. ಎಣಿಸಿದಾಗ 14 ಸಿಕ್ಕವು.

ಅಕ್ಕೋರೆ, ನಿಮ್ಮ ಮಗಳು ಕೇಳುತ್ತಿದ್ದಳಲ್ಲ, ಮೊದಲ ಮರಿಗಳು ನಿಮ್ಮ ಮನೆಗೇ. ಚಾಚಾ ಅಂಗಡಿಯಲ್ಲಿ ಉಳಿದ ತುಂಡು ಗಾಜಿನಲ್ಲಿ ಅವಳಿಗೊಂದು ತೊಟ್ಟಿ ಮಾಡಿಟ್ಟಿದ್ದಾರೆ. ವಿನೆಗರ್ ವಾಸನೆ ಇನ್ನೂ ಹೋಗಿಲ್ಲ.