ಭಾಷಣಕ್ಕೆ ಪುರುಸೊತ್ತಿದೆ, ಸಿನಿಮಾಕ್ಕೆ ಇಲ್ಲ

ಮಾನ್ಯರೇ,

ಸೋಮವಾರದ ಪತ್ರಿಕೆಯಲ್ಲಿ ನಮ್ಮ ಸಭಾಭವನದ ಸಿನಿಮಾ ಪ್ರದರ್ಶನದ ವರದಿ ಓದಿದೆ. ಅಧಿಕಾರಿಗಳು ದೀಪ ಹಚ್ಚುತ್ತಿರುವ ಫೋಟೋ ಇದೆ. ಅವರ ಭಾಷಣ ಉದ್ದಕ್ಕೆ ಇದೆ. ‘ಚಿತ್ರಕ್ಕೆ ಉತ್ತಮ ಪ್ರತಿಕ್ರಿಯೆ ವ್ಯಕ್ತವಾಯಿತು’ ಅಂತ ಕೊನೆಯಲ್ಲಿ ಒಂದು ಸಾಲೂ ಇದೆ. ಆ ಚಿತ್ರವನ್ನು ಪೂರ್ತಿ ತೋರಿಸಲೇ ಇಲ್ಲ ಅನ್ನುವುದು ಮಾತ್ರ ಎಲ್ಲೂ ಇಲ್ಲ. ನಾನು ಅಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದೆ. ನಿಮ್ಮ ವರದಿಗಾರರು ದೀಪ ಹಚ್ಚಿದ ಮೇಲೆ ಎದ್ದು ಹೋದರು ಅಂತ ಕಾಣುತ್ತದೆ.

ನಾನು ಕುಂದಾಪುರ ಕಡೆಯವನು. ಹದಿಮೂರನೇ ವಯಸ್ಸಿಗೆ ಸೋದರಮಾವನ ಹಿಂದೆ ಮುಂಬೈಗೆ ಹೋಗಿ, ಮಾಟುಂಗ ಕಡೆಯ ಒಂದು ಹೋಟೆಲಿನಲ್ಲಿ ಲೋಟ ತೊಳೆಯಲು ನಿಂತವನು. ಸೋಡಾ ಪುಡಿಗೆ ಬೆರಳ ಸಂದಿನ ಚರ್ಮ ಎದ್ದು ಬಂದಿತ್ತು. ರಾತ್ರಿ ಕನ್ನಡ ಶಾಲೆಯಲ್ಲಿ ಪೆನ್ಸಿಲ್ ಹಿಡಿದರೆ ಉರಿ. ಆಮೇಲೆ ಬೆಂಗಳೂರಿಗೆ ಬಂದು ಮೂವತ್ತು ವರ್ಷ ದೋಸೆ ಕಾವಲಿ ಮುಂದೆ ನಿಂತೆ. ಹೋಟೆಲ್ ಅಡುಗೆಮನೆಯ ಸಿನಿಮಾ ಬರುತ್ತದೆ ಅಂದಾಗ ನನ್ನ ಮಂಡಿ ನೋವು ಲೆಕ್ಕಕ್ಕೆ ಬರಲಿಲ್ಲ. ಎರಡು ಬಸ್ಸು ಬದಲಾಯಿಸಿ ಬಂದೆ.

ಒಬ್ಬನೇ ಬರಲಿಲ್ಲ. ನಮ್ಮ ಬೀದಿಯ ಹೋಟೆಲಿನಲ್ಲಿ ಕೆಲಸ ಮಾಡುವ ಇಬ್ಬರು ಹುಡುಗರನ್ನೂ ಕರೆದುಕೊಂಡು ಬಂದೆ. ಒಬ್ಬ ಒಡಿಶಾದ ಗಂಜಾಂ ಕಡೆಯವನು, ಇನ್ನೊಬ್ಬ ನೇಪಾಳದವನು. ಭಾನುವಾರ ಸಂಜೆ ಅವರನ್ನು ಬಿಡಿಸಿಕೊಳ್ಳುವುದು ಅಂದರೆ ಏನು ಅಂತ ಹೋಟೆಲಿನವರಿಗೆ ಗೊತ್ತು. ಮಾಲೀಕರ ಹತ್ತಿರ ಮೂರು ದಿನ ಕೇಳಿಕೊಂಡೆ. ಅರ್ಧ ದಿನದ ಸಂಬಳ ಹಿಡಿಯುತ್ತೇನೆ ಅಂದರು, ಹಿಡಿದರು ಕೂಡ.

ಪ್ರದರ್ಶನ ನಾಲ್ಕು ಗಂಟೆಗೆ ಅಂತ ಬೋರ್ಡ್ ಹಾಕಿದ್ದರು. ಮುಖ್ಯ ಅತಿಥಿ ಬಂದದ್ದು ನಾಲ್ಕೂ ಮುಕ್ಕಾಲಿಗೆ. ಆಮೇಲೆ ಪ್ರಾರ್ಥನೆ, ಸ್ವಾಗತ, ದೀಪ, ಹಾರ, ಶಾಲು, ಹಣ್ಣಿನ ಬುಟ್ಟಿ. ‘ಕಾರ್ಮಿಕರೇ ದೇಶದ ಬೆನ್ನೆಲುಬು’ ಅಂತ ಭಾಷಣ. ಸಿನಿಮಾ ಶುರುವಾದದ್ದು ಐದೂವರೆಗೆ. ಹತ್ತು ನಿಮಿಷಕ್ಕೆ ಸಾಹೇಬರು ಎದ್ದರು. ಅವರ ಹಿಂದೆ ಎರಡು ಸಾಲು ಎದ್ದಿತು. ಬಾಗಿಲು ತೆರೆದೇ ಇತ್ತು, ಹೊರಗಿನ ಬೆಳಕೆಲ್ಲ ಪರದೆ ಮೇಲೆ. ನಾನೇ ಎದ್ದು ಹೋಗಿ ಮುಚ್ಚಿದೆ.

ಚಿತ್ರದ ಹೆಸರು ‘ಲಾ ಕೊಸಿನಾ’. ಸ್ಪ್ಯಾನಿಶ್‌ನಲ್ಲಿ ಅಡುಗೆಮನೆ ಅಂತ ಅರ್ಥ. ಮೆಕ್ಸಿಕೋದ ಅಲೊನ್ಸೊ ರೂಯಿಸ್‌ಪಲಾಸಿಯೋಸ್ ಮಾಡಿದ್ದು, 2024ರಲ್ಲಿ ಬರ್ಲಿನ್ ಚಿತ್ರೋತ್ಸವದ ಸ್ಪರ್ಧೆಯಲ್ಲಿತ್ತು. ಮೂಲ ಆರ್ನಾಲ್ಡ್ ವೆಸ್ಕರ್ ಅನ್ನುವ ಇಂಗ್ಲಿಷ್ ನಾಟಕಕಾರರದ್ದು. ಅವರು 1957ರಲ್ಲೇ ಬರೆದ ನಾಟಕ. ಅವರೂ ಹೋಟೆಲಿನಲ್ಲಿ ಪೇಸ್ಟ್ರಿ ಮಾಡುತ್ತಿದ್ದವರಂತೆ. ಅದಕ್ಕೇ ಅಷ್ಟು ಸರಿಯಾಗಿದೆ ನೋಡಿ. ನಾಟಕ ಲಂಡನ್‌ನದ್ದು, ಚಿತ್ರದಲ್ಲಿ ಅದು ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ನ ದೊಡ್ಡ ಹೋಟೆಲ್ ಆಗಿದೆ. ಒಳಗೆ ದುಡಿಯುವವರು ಮೆಕ್ಸಿಕೋ ಮತ್ತು ಬೇರೆ ಬೇರೆ ದೇಶದವರು, ಎಷ್ಟೋ ಜನರಿಗೆ ಅಲ್ಲಿರಲು ಕಾಗದಪತ್ರವೇ ಇಲ್ಲ. ಕಾಗದ ಮಾಡಿಸಿಕೊಡುತ್ತೇನೆ ಅಂತ ಮಾಲೀಕ ಪೆಡ್ರೊ ಅನ್ನುವ ಅಡುಗೆಯವನಿಗೆ ಆಸೆ ಹಚ್ಚಿರುತ್ತಾನೆ. ಗಲ್ಲಾದಲ್ಲಿ ಎಂಟುನೂರಕ್ಕೂ ಜಾಸ್ತಿ ಡಾಲರ್ ಕಡಿಮೆ ಬಂದಿರುತ್ತದೆ. ಒಬ್ಬೊಬ್ಬರನ್ನೇ ಕರೆದು ವಿಚಾರಿಸುತ್ತಾರೆ.

ಗಲ್ಲಾ ಕಡಿಮೆ ಬಂದ ದಿನ ಅಡುಗೆಮನೆಯಲ್ಲಿ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ನನ್ನನ್ನೂ ಹಾಗೆ ನಿಲ್ಲಿಸಿ ಚಡ್ಡಿ ಜೇಬು ತಡಕಿದ್ದಾರೆ. ಆಗ ನನಗೆ ಹದಿನಾಲ್ಕು. ಮಧ್ಯಾಹ್ನದ ರಷ್ ತೋರಿಸುತ್ತಾರಲ್ಲ, ಆರ್ಡರ್ ಚೀಟಿ ನಿಲ್ಲದೆ ಬರುತ್ತಿರುತ್ತದೆ, ಪಾನೀಯದ ಯಂತ್ರ ಕೆಟ್ಟು ನೆಲವೆಲ್ಲ ನೀರು, ಆ ನೀರಲ್ಲೇ ಓಡಾಡಿ ತಟ್ಟೆ ಕೊಡುತ್ತಾರೆ. ನೇಪಾಳದ ಹುಡುಗ ಕುರ್ಚಿಯ ತುದಿಗೆ ಬಂದು ಕಾಲು ಮೇಲೆತ್ತಿಕೊಂಡುಬಿಟ್ಟ, ನೀರು ತನ್ನ ಕಾಲಿಗೇ ಬಂತು ಅನ್ನುವ ಹಾಗೆ. ಮಾತು ಸ್ಪ್ಯಾನಿಶ್, ಇಂಗ್ಲಿಷ್. ಕೆಳಗಿನ ಇಂಗ್ಲಿಷ್ ಅಕ್ಷರ ನಾನು ತಡವರಿಸಿ ಓದಿ, ಮುಂಬೈ ಹಿಂದಿಯಲ್ಲಿ ಹುಡುಗರ ಕಿವಿಯಲ್ಲಿ ಹೇಳುತ್ತಿದ್ದೆ. ಗದ್ದಲದ ಹೊತ್ತಿನಲ್ಲಿ ಹೇಳುವುದೇ ಬೇಕಾಗಲಿಲ್ಲ.

ಏಳೂವರೆಗೆ ಟಪ್ ಅಂತ ಲೈಟು ಹಾಕಿದರು. ಪರದೆ ಬಿಳಿಯಾಯಿತು. ಸಭಾಭವನದವರು ಬಂದು ‘ಟೈಮ್ ಮುಗೀತು, ಎಂಟಕ್ಕೆ ಆರತಕ್ಷತೆ ಇದೆ, ಕುರ್ಚಿ ತಿರುಗಿಸಬೇಕು’ ಅಂದರು. ಚಿತ್ರ ಇರುವುದು 139 ನಿಮಿಷ. ಇನ್ನು 19 ನಿಮಿಷ ಬಾಕಿ. ನಾನು ಕೈ ಮುಗಿದು ಕೇಳಿದೆ. ಸಂಘಟಕರು ಕೂಡ ಕೇಳಿದರು. ‘ಮೇಲಿನವರ ಆರ್ಡರ್ ಬೇಕು’ ಅಂದರು. ಮೇಲಿನವರು ಆಗಲೇ ಹಣ್ಣಿನ ಬುಟ್ಟಿ ತಗೊಂಡು ಮನೆ ಸೇರಿದ್ದರು.

ಬಸ್ಸಿನಲ್ಲಿ ಹುಡುಗರು ಕೇಳಿದ್ದು ಒಂದೇ. ‘ಅಂಕಲ್, ದುಡ್ಡು ಯಾರು ತಗೊಂಡಿದ್ದರು? ಪೆಡ್ರೊಗೆ ಕಾಗದ ಸಿಕ್ಕಿತಾ?’ ನನಗೇನು ಗೊತ್ತು? ಆ ಹುಡುಗರಿಗೆ ಸಂಬಳವೂ ಹೋಯಿತು, ಕಥೆಯೂ ಹೋಯಿತು.

ಈ ಸಭಾಭವನದ್ದು ಇದೇ ಮೊದಲಲ್ಲ. ಶೌಚಾಲಯಕ್ಕೆ ಬೀಗ ಹಾಕಿರುತ್ತಾರೆ, ಕೀಲಿ ಯಾರ ಹತ್ತಿರವೂ ಇರುವುದಿಲ್ಲ. ಮೆಟ್ಟಿಲಿಗೆ ಹಿಡಿ ಕಂಬಿ ಇಲ್ಲ. ಹೊರಗಿನ ಬೀದಿ ದೀಪ ಉರಿದದ್ದು ನಾನು ಕಂಡಿಲ್ಲ. ಸ್ವಂತ ಕೈಯಲ್ಲಿ ಅರ್ಜಿ ಬರೆದು ಕೊಟ್ಟಿದ್ದೇನೆ.

ಇನ್ನು ‘ಬೆನ್ನೆಲುಬು’ ಅಂದರಲ್ಲ, ಅದನ್ನೂ ಕೇಳಿ. ಹೊರರಾಜ್ಯದ ಕೆಲಸಗಾರರ ಹೆಸರು, ಊರು, ಸಂಬಳ ಬರೆದಿಡಬೇಕು ಅಂತ 1979ರಲ್ಲೇ ಕಾನೂನು ಬಂತು. ಹೋಟೆಲಿನಲ್ಲಿ ಚಿಕ್ಕ ಮಕ್ಕಳನ್ನು ದುಡಿಸಬಾರದು ಅನ್ನುವ ಆದೇಶ 2006ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂತು. ಕಳೆದ ಮಳೆಗಾಲದಲ್ಲಿ ಇದೇ ಗಂಜಾಂ ಹುಡುಗನ ಮೊಣಕೈಗೆ ಕಾದ ಎಣ್ಣೆ ಬಿತ್ತು. ಪರಿಹಾರ ಕೇಳಲು ನಾನು ಕಾರ್ಮಿಕ ಇಲಾಖೆಯ ಕಚೇರಿಗೆ ಮೂರು ಸಲ ಅಲೆದೆ. ಮೊದಲ ಸಲ ಸಾಹೇಬರು ಮೀಟಿಂಗ್‌ನಲ್ಲಿ, ಎರಡನೇ ಸಲ ರಜೆ, ಮೂರನೇ ಸಲ ‘ಹುಡುಗನ ಹೆಸರು ಯಾವ ರಿಜಿಸ್ಟರ್‌ನಲ್ಲೂ ಇಲ್ಲವಲ್ಲ’ ಅಂದರು. ರಿಜಿಸ್ಟರ್ ನೋಡಬೇಕಾದವರು ಯಾರು? ಹೋಟೆಲಿಗೆ ತಪಾಸಣೆಗೆ ಬಂದವರು ಗಲ್ಲಾ ದಾಟಿ ಒಳಗೆ ಕಾಲಿಟ್ಟದ್ದನ್ನು ನನ್ನ ಇಷ್ಟು ವರ್ಷದಲ್ಲಿ ನಾನು ನೋಡಿಲ್ಲ. ಕಾಫಿ ಕುಡಿದು, ಪಾರ್ಸೆಲ್ ಹಿಡಿದು ಹೋಗುತ್ತಾರೆ.

ಆ ಚಿತ್ರವನ್ನು ಮತ್ತೆ ಮೊದಲಿನಿಂದ ತೋರಿಸಬೇಕು, ಆ ದಿನ ಭಾಷಣ ಇರಬಾರದು. ಹುಡುಗರ ಅರ್ಧ ದಿನದ ಸಂಬಳ ಯಾರು ಕೊಡುತ್ತಾರೋ ಅದನ್ನೂ ಹೇಳಬೇಕು. ಶೌಚಾಲಯದ ಬೀಗ ತೆಗೆಸಿ. ಅಧಿಕಾರಿಗಳು ಒಂದು ದಿನ, ಮಧ್ಯಾಹ್ನ ಒಂದು ಗಂಟೆಗೆ, ಯಾವುದಾದರೂ ಹೋಟೆಲಿನ ಒಲೆಯ ಪಕ್ಕ ಬಂದು ನಿಲ್ಲಲಿ. ನಾಚಿಕೆ ಅನ್ನುವುದು ಸ್ವಲ್ಪವಾದರೂ ಬೇಡವಾ ಇವರಿಗೆ?

– ಹಳೆಯ ಹೋಟೆಲ್ ಅಡುಗೆಯವನು, ಬೆಂಗಳೂರು